ಫ್ಲಾಸ್ಕಿನಡಿಯ ಸಿಂಬಿ

ಹುಳು ಎಲೆ ಮೇಯುವ ಸದ್ದು, ನಾಲ್ಕನೇ ಜ್ವರ ಎದ್ದ, ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆಹುಳು ತಟ್ಟೆ ತಟ್ಟೆಯ ತುಂಬ ಸರಸರ ಸರಸರ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಹೊರಗೆ ಮಳೆ ಹಿಡಿಯಿತೇನೋ ಅಂತ ಹೊಸಬರು ಬಾಗಿಲಿಗೆ ಓಡಿ ನೋಡುವಂಥ ಸದ್ದು — ಅದೇ, ದಿನಾ ಕೇಳುವುದೇ, ಆದರೆ ಅದರೊಳಗೆ ಇನ್ನೊಂದು, ಟಿಕ್, ಅಗೋ ಮತ್ತೆ ಟಿಕ್, ಬಾಯಿಗಿಟ್ಟ ಅನ್ನದಲ್ಲಿ ಕಲ್ಲು ಸಿಕ್ಕಿದಂತೆ, ಅಕ್ಕಯಮ್ಮ ಪೊರಕೆ ಹಿಡಿದ ಕೈ ಹಾಗೇ ನಿಲ್ಲಿಸಿ ಕಿವಿಗೊಟ್ಟಳು, ನಿನ್ನೆ ಇದು ಇರಲಿಲ್ಲ, ಯುಗಾದಿಯಿಂದ ಈಚೆಗೆ ಇರಲೇ ಇಲ್ಲ, ಇವತ್ತೇ ಬರಬೇಕೇ, ಇವತ್ತು ದೊಡ್ಡ ಸಾಹೇಬರು ಬಂದು ಕಣ್ಣನ್ನು ತಗೊಂಡು ಹೋಗುವ ದಿನ. ಹುಳು ಸಾಕುವ ಈ ಮನೆಯಲ್ಲಿ ಈಗ ಹುಳು ಇಲ್ಲ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳೆಲ್ಲ ಅಟ್ಟ ಸೇರಿವೆ, ಈಗ ಇರುವುದು ಒಂದೇ ಒಂದು ಕಣ್ಣು, ಸಾಸಿವೆ ಕಾಳಿಗಿಂತ ಚಿಕ್ಕದು, ಉಕ್ಕಿನ ಫ್ಲಾಸ್ಕಿನ ಹೊಟ್ಟೆಯೊಳಗೆ ಕೂದಲೆಳೆಯಂಥ ತಂತಿಗಳಿಗೆ ಅಂಟಿಕೊಂಡು ಕೂತಿದೆ, ನಜೀರ್ ಅಹಮದ್ ಸಾಬರು ಅದನ್ನು ಡಿಟೆಕ್ಟರು ಅನ್ನುತ್ತಾರೆ, ನಾಳೆ ನಾಡಿದ್ದು ಉಪಗ್ರಹದೊಳಗೆ ಕೂತು ಆಕಾಶಕ್ಕೆ ಹೋಗುವುದಂತೆ, ಅಲ್ಲಿಂದ ಕೆಳಗಿನ ಗಾಳಿಯನ್ನು ನೋಡುವುದಂತೆ, ಮೋಡದ ಬಿಸಿ, ಸಮುದ್ರದ ಬಿಸಿ, ಗಾಳಿಯಲ್ಲಿ ಕರಗಿ ಕಾಣದೆ ಇರುವ ನೀರಾವಿಯ ಬಿಸಿ — ಬಿಸಿಗೂ ಒಂದು ಬೆಳಕಿರುತ್ತೆ ಅಕ್ಕಾ, ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ, ಇದಕ್ಕೆ ಕಾಣುತ್ತೆ. ಕಾಣಲಿ ಮಾರಾಯರೇ, ಒಬ್ಬರಿಗಾದರೂ ಕಾಣಲಿ ಅಂತ ಅವತ್ತು ಅಂದಿದ್ದಳು, ಟಿಕ್.

ಗೊಣಗು, ಸಾಬರ ಮಾತಿನಲ್ಲಿ ನಾಯ್ಸು, ಅವಳಿಗೆ ತಿಳಿಯಲಿ ಅಂತ ಗೊಣಗು ಅಂದರು, ಹಳೇ ರೇಡಿಯೋದ ಸ್ಪೀಕರು ತಂದು ಸಿಕ್ಕಿಸಿ ಅದು ಗೊಣಗುವುದು ಹುಳು ಮೇಯ್ದಂತೆ ಸರಸರ ಅಂತ ಕಿವಿಗೇ ಕೇಳುವ ಹಾಗೆ ಮಾಡಿದರು, ಮುಂದೆ ಮುಚ್ಚಳ ಹಾಕಿ ಕತ್ತಲು ಮಾಡಿದ್ರೂ ಇದು ಸುಮ್ನಿರಲ್ಲ ಅಕ್ಕಾ, ತನ್ನ ಮೈಬಿಸಿಗೆ ತಾನೇ ಗೊಣಗ್ತಾ ಇರುತ್ತೆ, ಅದಕ್ಕೇ ಇಷ್ಟು ತಣ್ಣಗೆ ಇಡೋದು, ತನ್ನ ಗೊಣಗು ಕಮ್ಮಿ ಆದಷ್ಟೂ ದೂರದ್ದು ಕೇಳುತ್ತೆ. ನಿಜ, ಒಲೆಯ ಮುಂದೆ ಕೂತು ತನ್ನ ಪಾಡಿಗೆ ತಾನು ಗೊಣಗುತ್ತಿದ್ದ ಅತ್ತೆಗೆ ಬಾಗಿಲಲ್ಲಿ ನಿಂತು ಕೂಗಿದರೂ ಎಲ್ಲಿ ಕೇಳುತ್ತಿತ್ತು, ಹಾಗೆ ಕೂಗಿ ಕೂಗಿ ವಾಪಸ್ಸು ಹೋದವರೆಷ್ಟೋ, ಅದಕ್ಕೇ ದಿನಾ ಬೆಳಗ್ಗೆ ಅಕ್ಕಯಮ್ಮ ಹೊಗೆನೀರು ಹೊಯ್ಯಬೇಕು, ಅದು ನೀರಲ್ಲ, ನೈಟ್ರೋಜನ್ನು, ಕ್ಯಾನಿನ ಬಾಯಿ ತೆರೆದರೆ ಬೆಳ್ಳಗೆ ಹೊಗೆ ಚೆಲ್ಲುತ್ತದೆ, ತಾಗಿದರೆ ಕೆಂಡ ತಾಗಿದಂತೆ ಚರ್ಮ ಸುಟ್ಟುಹೋಗುವಷ್ಟು ತಣ್ಣಗೆ, ಹೊಯ್ದು ಮುಚ್ಚಳ ಹಾಕಿ ಮೋಟಾರು ತಿರುಗಿಸಿ ಇಟ್ಟರೆ ಸಾಬರು ಬಂದು ಮೀಟರು ನೋಡುವ ಹೊತ್ತಿಗೆ ಕಣ್ಣು ತಣಿದು ಕೂತಿರುತ್ತದೆ. ಸರಸರ ಪೂರ್ತಿ ಹೋಗಲ್ಲ ಅಕ್ಕಾ, ಅದು ಇರೋದೇ, ಒಂದೇ ಸಮ ಇದ್ರೆ ಲೆಕ್ಕ ಹಾಕಿ ಕಳೀಬಹುದು, ನಡುನಡುವೆ ನೆಗೆಯೋದಿದ್ಯಲ್ಲ, ಅದು ಕೆಟ್ಟದ್ದು, ಅದು ಮೋಡನೋ ಇಲ್ಲಾ ಇದೇ ಬೆಚ್ಚಿದ್ದೋ ಅಂತ ಹೇಳೋರು ಯಾರು. ಮೊದಲು ಪಟ್ಟಣದಲ್ಲೇ ಇಟ್ಟು ನೋಡಿದರಂತೆ, ಅಲ್ಲಿ ಪಕ್ಕದ ಬೀದಿಯಲ್ಲಿ ಯಾರೋ ವೆಲ್ಡಿಂಗ್ ಹಾಕಿದರೆ ಇದರೊಳಗೆ ಬರುವುದು, ಆಮೇಲೆ ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಹಿಂದೆ ಒಂದು ಮನೆ ಹಿಡಿದರು, ಬೆಂಗಳೂರು ರೈಲು ಹೋದಾಗಲೆಲ್ಲ ನೆಲವೇ ನಡುಗುವುದು, ಕೊನೆಗೆ ವಕ್ಕಲೇರಿಗೆ ಬಂದು ಈ ಮಣ್ಣುಗೋಡೆಯ ಹುಳುಮನೆ ಕಂಡು, ಅರೆ, ಇಲ್ಲಿ ಎಷ್ಟು ಸುಮ್ಮನಿದೆ ಅಂದವರು ಆ ಬಾಗಿಲಲ್ಲೇ ಕೂತುಬಿಟ್ಟರು, ಮುಳಬಾಗಿಲಿನ ಹುಡುಗ, ಅವತ್ತು ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಹುಳುವಿಗೂ ಇದೇ ಬೇಕಿತ್ತು, ತಂಪು, ಕತ್ತಲು, ಸದ್ದಿಲ್ಲದೆ ಇರುವವರು, ಜ್ವರಕ್ಕೆ ಕೂತಾಗ ತಟ್ಟೆ ಅಲುಗಾಡಿಸಬಾರದು ಅಂತ ಮಾವ ಗದರಿಕೊಂಡು ತಿರುಗುತ್ತಿದ್ದದ್ದು ಇದೇ ಕಂಬಗಳ ನಡುವೆ, ಟಿಕ್, ಬಿಡದು, ಇದು ಬಿಡದು.

ಹಲ್ಲಿಯೇ, ಅಲ್ಲ, ಬ್ಯಾಟರಿಯ ಕೊಂಡಿಯೇ, ಅಲ್ಲ, ಅವಳು ಪೊರಕೆ ಮೂಲೆಗಿಟ್ಟು ಮೋಟಾರು ನಿಲ್ಲಿಸಿದಳು, ಟಿಕ್ ನಿಂತಿತು, ಸರಸರ ಮಾತ್ರ ಹಾಗೇ ಇತ್ತು, ಮೋಟಾರು ಹಾಕಿದಳು, ಗುಂಯ್, ಹಲಗೆ ಸಣ್ಣಗೆ ನಡುಗಿತು, ಟಿಕ್. ಮೇಜಿನ ಮೇಲೆ ಆ ಮೋಟಾರು ಇಟ್ಟಿರುವುದೇ ಅದಕ್ಕೆ, ಮೇಲೆ ಹೋದ ಮೇಲೂ ಇದರ ಪಕ್ಕದಲ್ಲೇ ಒಂದು ಕನ್ನಡಿ ಅತ್ತಿತ್ತ ಆಡ್ತಾನೇ ಇರುತ್ತೆ ಅಕ್ಕಾ, ಅದು ಆಡಿದ್ರೂ ಇದು ಬೆಚ್ಚಬಾರದು. ಯುಗಾದಿಗೆ ಮುಂಚೆ ತಿಂಗಳಾನುಗಟ್ಟಲೆ ಬೆಚ್ಚುತ್ತಿತ್ತು, ಸಾಬರು ಊಟ ಬಿಟ್ಟರು, ಊರಿಗೆ ಹೋಗುವುದು ಬಿಟ್ಟರು, ಹೆಂಡತಿ ಜೈನಾಬ್ ಮಗುವನ್ನೆತ್ತಿಕೊಂಡು ತಾನೇ ಬಸ್ಸು ಹತ್ತಿ ಇಲ್ಲಿಗೆ ಬಂದು, ನೋಡಕ್ಕಾ, ನಿಮ್ ಸಾಬ್ರಿಗೆ ಮಗಳ ಅಳೂ ನಾಯ್ಸ್ ಆಗೋಗಿದೆ ಅಂತ ನಗುತ್ತಲೇ ಕಣ್ಣು ಒರೆಸಿಕೊಂಡಳು, ಆಮೇಲೆ ಯುಗಾದಿಯ ವಾರ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಆ ಎಳೆತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದರು, ಮಾರನೆಯ ದಿನ, ಹಬ್ಬದ ದಿನ, ತಾವು ಕೂರುವ ಜಾಗದ ಪರದೆ ಸರಿಸಿ ಹೊರಗೆ ಬಂದು, ಅಕ್ಕಾ, ಹೋಯ್ತು ಅಕ್ಕಾ, ಟಿಕ್ ಹೋಯ್ತು ಅಂತ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು, ಅವಳು ಬೇವುಬೆಲ್ಲ ಕೊಟ್ಟಳು, ಬೇವನ್ನೂ ಬೆಲ್ಲದ ಹಾಗೇ ತಿಂದರು. ಅದು ಅವರ ಬೆಸುಗೆಯಿಂದ ಹೋದದ್ದು, ಎಲ್ಲರೂ ಹಾಗೇ ತಿಳಿದದ್ದು, ಅವಳೂ — ಮತ್ತೆ ಈಗ ಎಲ್ಲಿಂದ ಬಂತು, ಇವತ್ತು ನಾನು ಮಾಡಿದ್ದೇನು, ಗುಡಿಸಿದೆ, ಒರೆಸಿದೆ, ಹೊಗೆನೀರು ಹೊಯ್ದೆ, ಅದಕ್ಕೆ ಮುಂಚೆ ಫ್ಲಾಸ್ಕು ಎತ್ತಿ, ಫ್ಲಾಸ್ಕು ಎತ್ತಿ ಅದರ ಅಡಿಯಿಂದ — ಬಾಗಿಲಾಚೆ ಜಗಲಿಯ ಬಿಸಿಲಿನಲ್ಲಿ ಸಿಂಬಿ ಒಣಗುತ್ತಿತ್ತು. ಫ್ಲಾಸ್ಕಿನ ಬೆವರು ಕುಡಿದು ಕುಡಿದು ಮುಗ್ಗಲು ವಾಸನೆ ಬಂದಿತ್ತು, ದೊಡ್ಡ ಸಾಹೇಬರ ಮೂಗಿಗೆ ಬಡಿಯುವುದು ಬೇಡ ಅಂತ ಬೆಳಗ್ಗೆ ತೆಗೆದು ಹಾಕಿದ್ದಳು. ಹೋಗಿ ತಂದಳು, ಫ್ಲಾಸ್ಕಿನ ಎರಡೂ ಹಿಡಿಕೆ ಹಿಡಿದು ಎತ್ತಿ ಅದು ಕೂರುವ ಮರದ ಗೂಡಿನೊಳಗೆ ಅಡಿಗೆ ಸಿಂಬಿ ತಳ್ಳಿ ಇಳಿಸಿದಳು, ಮೋಟಾರು ಗುಂಯ್, ಹುಳು ಸರಸರ, ಟಿಕ್ ಇಲ್ಲ. ಎಳೆದು ತೆಗೆದಳು. ಟಿಕ್. ಅಯ್ಯೋ ದೇವರೇ, ಬೆಸುಗೆ ಅಲ್ಲವಲ್ಲ, ಸಿಂಬಿಯೇ, ನೀನಲ್ಲವಾ ಇದರ ಬಾಯಿ ಮುಚ್ಚಿಸಿದ್ದು.

ಯುಗಾದಿಯ ದಿನ ಎಲ್ಲ ತೊಳೆದು ಬಳಿದು ಒಂದೊಂದನ್ನೂ ಅದರದರ ಜಾಗದಲ್ಲಿ ಇಡುವಾಗ ಫ್ಲಾಸ್ಕು ಬರೀ ಹಲಗೆಯ ಮೇಲೆ ಕೂತದ್ದು ಕಂಡಿತು, ತುಂಬಿದ ಬಿಂದಿಗೆಯನ್ನು ಯಾರಾದರೂ ಬರೀ ನೆಲಕ್ಕೆ ಇಡುತ್ತಾರಾ, ಅವ್ವ ನೋಡಿದರೆ ಬೈಯುತ್ತಿದ್ದಳು, ಮನೆಗೆ ಹೋಗಿ ಗೂಟದಲ್ಲಿದ್ದ ಸಿಂಬಿ ತಂದು ಇಟ್ಟಳು, ಅಷ್ಟೇ, ಕೇಳುವಂಥದ್ದು ಏನಿತ್ತು, ದೇವರ ಮುಂದೆ ದೀಪ ಹಚ್ಚಲು ಯಾರನ್ನಾದರೂ ಕೇಳುತ್ತಾರಾ, ಗೂಡಿನೊಳಗೆ ಅದು ಯಾರಿಗೂ ಕಾಣಲೂ ಇಲ್ಲ. ಗಂಗರತ್ನನ ಸಿಂಬಿ ಅದು, ತಂಗಿಯದು, ಅವ್ವನ ಹಳೇ ಬಿಳೀ ಸೀರೆ ಹರಿದು ಬಿಗಿಯಾಗಿ ಹೊಸೆದು ಸುತ್ತಿ ಕೆಂಪು ದಾರದಲ್ಲಿ ಹೊಲಿದದ್ದು, ಅವಳ ಸಿಂಬಿ ಯಾವತ್ತೂ ನನ್ನದಕ್ಕಿಂತ ದುಂಡಗೆ, ತಲೆಯ ಮೇಲೆ ಬಿಂದಿಗೆ ಇಟ್ಟುಕೊಂಡು ಎರಡು ಕೈಯನ್ನೂ ಬಿಟ್ಟು ಬೀಸಿಕೊಂಡು ನಡೆಯುತ್ತಿದ್ದಳು, ಕುತ್ತಿಗೆ ಅಲುಗದು, ನೀರು ತುಳುಕದು, ಬಾವಿ ಪಾತಾಳಕ್ಕೆ ಇಳಿದಿದ್ದ ಕಾಲ, ಆ ಮಾವಿನತೋಪಿನ ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ನೆತ್ತಿ ಉರಿದುಹೋಗುವುದು, ಅಕ್ಕಾ, ನೀರು ಇರೋ ಊರಿಗೆ ಕೊಟ್ರೆ ಕುಂಟನ್ನಾದ್ರೂ ಮಾಡ್ಕೊಂತೀನಿ ಕಣೇ ಅನ್ನುವಳು. ಕೊಟ್ಟರು, ಆಂಧ್ರದ ಕಡಲ ದಂಡೆಗೆ, ಕುಂಟನೇನಲ್ಲ, ಒಳ್ಳೆಯವನೇ, ಮೊದಲ ಸಲ ತವರಿಗೆ ಬಂದಾಗಲೇ ನಾಲಿಗೆ ತಿರುಗಿತ್ತು, ಮಾ ಊಳ್ಳೋ ಅನ್ನೀ ನೀಳ್ಳೇ ಅಕ್ಕಾ, ಎಲ್ಲಿ ನೋಡಿದ್ರೂ ನೀರೇ, ಹಿತ್ತಲ ಬಾಗ್ಲು ತೆಗೆದ್ರೆ ಕಾಲುವೆ, ನನಗಿನ್ನು ಇದು ಯಾತಕ್ಕೆ, ನೀನೇ ಇಟ್ಕೋ ಅಂತ ಸಿಂಬಿಯನ್ನು ನನ್ನ ತಲೆಯ ಮೇಲೆ ಕಿರೀಟದ ಹಾಗೆ ಇಟ್ಟು ನಕ್ಕಳು, ಹಲ್ಲಿನ ಸಂದಿಯಲ್ಲಿ ಎಲೆಅಡಿಕೆ. ಎಪ್ಪತ್ತೇಳನೇ ಇಸವಿಯ ಕಾರ್ತೀಕದಲ್ಲಿ ಸಮುದ್ರವೇ ಎದ್ದು ಊರಿನೊಳಗೆ ಬಂತು, ತುಫಾನು, ಹಿತ್ತಲ ಬಾಗಿಲೂ ಇಲ್ಲ, ಮುಂಬಾಗಿಲೂ ಇಲ್ಲ, ಅವಳೂ ಇಲ್ಲ, ಅವಳ ಗಂಡ, ಎರಡು ಮಕ್ಕಳು, ಹುಡುಕಲು ಹೋದ ಅಣ್ಣ ವಾಪಸ್ಸು ಬಂದು ಜಗಲಿಯಲ್ಲಿ ಕೂತ, ಕೇಳಿ ಕೇಳಿ ಕೊನೆಗೆ ಅಂದ, ಹಿಂದಿನ ದಿನ ಸಂಜೆ ಅವಳು ಮೆಣಸಿನಕಾಯಿ ಒಣಗಿ ಹಾಕಿದ್ಲಂತಮ್ಮ. ಒಣಗಿ ಹಾಕಿದ್ದಳು. ಮಾರನೆಯ ದಿನ ಬಿಸಿಲು ಬರುವುದು ಅಂತ ನಂಬಿಕೊಂಡು.

ಒಂದು ದಿನ ಸಾಬರು ಒಂದು ಚಿತ್ರ ತೋರಿಸಿದ್ದು ಈ ಕಿಟಕಿಯ ಹತ್ತಿರವೇ, ಬೇರೆ ಯಾವುದೋ ದೇಶದ ಉಪಗ್ರಹ ಮೇಲಿಂದ ತೆಗೆದದ್ದು, ಕಪ್ಪು ಸಮುದ್ರದ ಮೇಲೆ ಬೆಳ್ಳಗೆ ದುಂಡಗೆ ಹೊಸೆದು ಸುತ್ತಿದ ಹಾಗೆ, ನಡುವೆ ಒಂದು ತೂತು, ಇದೇನು ಸಾಬ್ರೇ, ಸಿಂಬಿ ಇದ್ದಂಗೈತೆ, ಅವರು ನಕ್ಕು, ಹೌದಲ್ಲಾ, ಇದು ತುಫಾನು ಅಕ್ಕಾ, ಈ ತೂತೇ ಅದರ ಕಣ್ಣು, ಅಂದರು, ನಮ್ಮ ಗಂಗನ್ನ ತಗೊಂಡೋದದ್ದು ಇದೇನಾ, ಅವರ ನಗು ಹೋಯಿತು, ಅಲ್ಲ ಅಕ್ಕಾ, ಇದು ಬೇರೆ, ಬೇರೆ ವರ್ಷದ್ದು, ಹಾಗಾದರೆ ಇನ್ನೂ ಬರುತ್ತವಾ, ಬರುತ್ತವೆ, ವರ್ಷ ವರ್ಷಾನೂ ಬರುತ್ತವೆ, ಅದಕ್ಕೇ ನಾವು ಇದನ್ನ ಮಾಡ್ತಿರೋದು. ಅವತ್ತಿನಿಂದ ಹೊಗೆನೀರು ಹೊಯ್ಯುವಾಗ ಒಂದು ಹನಿ ಚೆಲ್ಲಿಲ್ಲ, ಒಂದು ದಿನ ತಪ್ಪಿಸಿಲ್ಲ, ಕೂಲಿಗೆ ಬಂದವಳ ಕೈಯಲ್ಲ ಅದು — ಈಗ ಇದೇ ಕೈಯಲ್ಲಿ ಸಿಂಬಿ, ಮತ್ತೆ ಅಡಿಗೆ ತಳ್ಳಿದರೆ ಆಯಿತು, ಮುಗ್ಗಲು ವಾಸನೆ ಯಾರಿಗೆ ಗೊತ್ತಾಗುತ್ತದೆ, ದೊಡ್ಡ ಸಾಹೇಬರು ಬರುತ್ತಾರೆ, ಕೇಳುತ್ತಾರೆ, ತಲೆ ಆಡಿಸುತ್ತಾರೆ, ಕಣ್ಣಿಗೆ ಮುದ್ರೆ ಒತ್ತಿ ಪೆಟ್ಟಿಗೆಯಲ್ಲಿಟ್ಟು ಜೀಪಿನಲ್ಲಿ ತಗೊಂಡು ಹೋಗುತ್ತಾರೆ, ಸಾಬರು ಹೊಸ ಷರಟು ಹಾಕಿಕೊಂಡು ಬೆಳಗ್ಗೆಯೇ ಟಾರು ರಸ್ತೆಗೆ ಹೋಗಿ ಕಾಯುತ್ತಿದ್ದಾರೆ, ಸಂಜೆ ಮುಳಬಾಗಿಲಿನ ಬಸ್ಸು ಹತ್ತುತ್ತೀನಿ ಅಕ್ಕಾ, ಮಗಳಿಗೆ ನನ್ನ ಮುಖ ಮರೆತೇಹೋಗಿರುತ್ತೆ ಅಂದಿದ್ದಾರೆ. ಇಲ್ಲದಿದ್ದರೆ, ಈ ಸಲ ಪಾಸಾಗದಿದ್ದರೆ, ಅದನ್ನೂ ಅವರೇ ಹೇಳಿದ್ದು, ಹೊರದೇಶದ್ದು ತರಿಸ್ತಾರೆ, ಈ ಬಾಗಿಲು ಮುಚ್ತಾರೆ, ನನ್ನನ್ನ ಯಾವುದಾದ್ರೂ ಮೂಲೆಗೆ ಹಾಕ್ತಾರೆ. ಈ ಮನೆಗೆ ಬೀಗ, ನನಗೆ ಮತ್ತೆ ಕಂಡವರ ತೋಟದಲ್ಲಿ ಸೊಪ್ಪು ಬಿಡಿಸುವ ಕೆಲಸ, ಆಗಲಿ, ಸೊಪ್ಪು ಬಿಡಿಸಿ ಗೊತ್ತು, ಆದರೆ ಆ ಮುಖ, ಚಪ್ಪಾಳೆ ತಟ್ಟಿದ ಆ ಮುಖದ ಮುಂದೆ ನಿಂತು — ತಳ್ಳಿಬಿಡು ಅಕ್ಕಯಮ್ಮ, ಅಡಿಗೆ ತಳ್ಳಿಬಿಡು, ನಿನಗೇನು ತಿಳಿಯುತ್ತದೆ ಇದೆಲ್ಲ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಶಾಲೆ ಬಿಟ್ಟವಳು, ತಿಳಿದವರು ನೋಡಿಕೊಳ್ಳುತ್ತಾರೆ. ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ಇದು ಗೊತ್ತೇ ಇಲ್ಲವಲ್ಲ, ಸಿಂಬಿ ಇಲ್ಲೇ ಉಳಿಯುತ್ತದೆ, ಕಣ್ಣು ಒಂದೇ ಹೋಗುತ್ತದೆ, ಅಲ್ಲಿ ಕನ್ನಡಿ ಅತ್ತಿತ್ತ ಆಡುತ್ತದೆ, ಮೇಲೆ ಅದರ ಅಡಿಗೆ ಸಿಂಬಿ ಇಡುವವರು ಯಾರು, ಇದು ಬೆಚ್ಚುತ್ತದೆ, ಸಮುದ್ರದ ಮೇಲೆ ದುಂಡಗೆ ಹೊಸೆದುಕೊಂಡು ಬರುವುದು ಮೋಡವೋ ಇದೇ ಬೆಚ್ಚಿದ್ದೋ ಅಂತ ಕೆಳಗೆ ಕೂತವರು ಜಗಳಾಡುತ್ತಾರೆ, ಜಗಳಾಡುವ ಹೊತ್ತಿಗೆ ಯಾವಳೋ ಒಬ್ಬಳು ಮೆಣಸಿನಕಾಯಿ ಒಣಗಿ ಹಾಕುತ್ತಾಳೆ. ಇಲ್ಲ. ಹೇಳುತ್ತೀನಿ. ಸಾಬರು ಒಬ್ಬರೇ ಬಂದರೆ ಒಬ್ಬರಿಗೆ, ಎಲ್ಲರೂ ಬಂದರೆ ಎಲ್ಲರ ಮುಂದೆ, ಸಿಂಬಿ ಕೈಯಲ್ಲೇ ಹಿಡಿದು ನಿಂತಿರುತ್ತೀನಿ, ಬಚ್ಚಿಡಲು ಸೆರಗಿನ ಕಡೆ ಕೈ ಹೋಗದ ಹಾಗೆ ಎರಡು ಕೈಯಲ್ಲೂ — ಜೀಪು, ಮಾವಿನತೋಪಿನ ತಿರುವಿನಲ್ಲಿ ಜೀಪು, ಗೇರು ಬದಲಿಸಿತು, ಮೋಟಾರು ನಿಲ್ಲಿಸಬೇಡ, ಹಾಗೇ ತಿರುಗಲಿ, ಟಿಕ್ ಅನ್ನಲಿ, ಬಂದವರ ಕಿವಿಗೆ ಬೀಳಲಿ.

ಎಲ್ಲರೂ ಬಂದರು. ಮೊದಲು ಬಂದದ್ದು ದಿನಾ ಹೊಗೆನೀರಿನ ಕ್ಯಾನು ತರುವ ಡ್ರೈವರು ಮುನಿಶಾಮಿಯ ಬಾಯಿ, ಆಮೇಲೆ ಮುನಿಶಾಮಿ, ತಲೆಯ ಮೇಲೆ ಶ್ರೀನಿವಾಸಪುರದ ಮಾವಿನ ಬುಟ್ಟಿ, ಏನ್ ಅಕ್ಕಯಮ್ಮಾ, ನಿನ್ ಕೋಟಿ ರೂಪಾಯಿ ಹುಳು ಹಣ್ಣಾಯ್ತಾ, ಗೂಡು ಕಟ್ತಾ, ಇಲ್ಲಾ ಇನ್ನೂ ಮೇಯ್ತಾನೇ ಐತಾ — ದಿನಾ ಆದರೆ ನಿನ್ ತಲೆ ಮೇಯ್ತಾ ಐತೆ ಹೋಗ್ಲಾ ಅನ್ನುತ್ತಿದ್ದಳು, ಇವತ್ತು ಅವನ ಭುಜದಾಚೆ ನೋಡಿದಳು, ಹಿಂದೆ ದೊಡ್ಡ ಸಾಹೇಬರು ಕೋದಂಡರಾಮಪ್ಪನವರು, ಬಾಗಿಲಲ್ಲೇ ಬೂಟು ಬಿಚ್ಚಿದರು, ಎಷ್ಟು ದೊಡ್ಡವರಾದರೂ ಹುಳುಮನೆಯ ಹೊಸ್ತಿಲಲ್ಲಿ ಕಾಲು ಬರಿದು ಮಾಡುವುದು ತಿಳಿದವರು, ಅವರ ಹಿಂದೆ ಸಾಬರು, ಇಸ್ತ್ರಿಯ ಗೆರೆ ಮುರಿಯದ ಷರಟು, ನಗುತ್ತ, ಕೇಳಿ ಸಾರ್, ನೀವೇ ಕೇಳಿ, ಮೀಟರು ಆಮೇಲೆ ನೋಡೋಣ, ಮೊದಲು ಕಿವೀಲಿ ಕೇಳಿ — ಟಿಕ್. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಅದರ ಹಿಂದಿನಿಂದ ಹೊರಟುಹೋಯಿತು. ನಿನ್ನೆ ಇರ್ಲಿಲ್ಲ ಸಾರ್. ನಿನ್ನೆ ಇರ್ಲಿಲ್ಲ. ಬ್ಯಾಟರಿಯ ಕಡೆ ಹೋದರು, ಪರದೆಯ ಹಿಂದೆ ಹೋದರು, ಬಂದರು, ಅಷ್ಟರಲ್ಲಿ ಅಕ್ಕಯಮ್ಮ ಎರಡು ಕೈಯಲ್ಲೂ ಸಿಂಬಿ ಮುಂದೆ ಚಾಚಿದಳು, ಸಾಬ್ರೇ, ಹುಡುಕ್ಬೇಡಿ, ನಿನ್ನೆ ತನಕ ಅದರ ಅಡೀಲಿ ಇದಿತ್ತು. ಏನಮ್ಮಾ ಅದು, ದೊಡ್ಡ ಸಾಹೇಬರು. ಸಿಂಬಿ ಸ್ವಾಮಿ, ಬಿಂದಿಗೆ ಅಡಿಗೆ ಇಡ್ತೀವಲ್ಲ. ಯಾರು ಇಡು ಅಂದೋರು. ಯಾರೂ ಅನ್ನಲಿಲ್ಲ, ತುಂಬಿದ್ದನ್ನ ಬರೀ ಹಲಗೆ ಮೇಲೆ ಇಡಬಾರದು ಅಂತ ನಾನೇ ಇಟ್ಟೆ. ಮುನಿಶಾಮಿ ಕಿಸಕ್ಕನೆ ನಕ್ಕು ಯಾರೂ ನಗದೆ ಇರುವುದು ಕಂಡು ಬುಟ್ಟಿ ಇಳಿಸುವ ನೆವದಲ್ಲಿ ಆಚೆ ಹೋದ. ಯಾವತ್ತಿಂದ ಅಕ್ಕಾ, ಸಾಬರ ದನಿ ಇಷ್ಟು ಮೆತ್ತಗೆ ಯಾವತ್ತೂ ಇರಲಿಲ್ಲ. ಯುಗಾದಿ ದಿನದಿಂದ. ಅವರು ಕಣ್ಣು ಮುಚ್ಚಿಕೊಂಡರು, ರೆಪ್ಪೆಯ ಹಿಂದೆ ಒಂದೊಂದೇ ದಿನ ಹಿಂದಕ್ಕೆ ಹೋಗಿ, ಬೆಸುಗೆ, ಚಪ್ಪಾಳೆ, ಬೇವು, ಎಲ್ಲ ಕಳಚಿ ಬೀಳುವುದು ಅವಳಿಗೆ ಕಾಣುತ್ತಿತ್ತು, ಒಂದು ಮಾತು ಕೇಳಬಾರದಾಗಿತ್ತಾ ಅಕ್ಕಾ, ಒಂದೇ ಒಂದು ಮಾತು. ಕೇಳಬೇಕಿತ್ತು ಸಾಬ್ರೇ. ಬೈಯಿರಿ, ನಿಂತಿದ್ದೀನಿ. ಆದ್ರೆ ಇದನ್ನ ಹಿಂಗೇ ಕಳಿಸ್ಬೇಡಿ.

ಸಾಬರು ಬೈಯಲಿಲ್ಲ. ಬಂದು ಸಿಂಬಿ ತಗೊಂಡರು, ಹಿಂಡಿದರು, ಮೋಟಾರು ತಿರುಗುತ್ತಿದ್ದ ಹಾಗೇ ಹಲಗೆಯ ಮೇಲೆ ಅಂಗೈ ಇಟ್ಟರು, ಇನ್ನೊಂದು ಅಂಗೈ ಫ್ಲಾಸ್ಕಿನ ಮೈಮೇಲೆ, ವೈದ್ಯರು ನಾಡಿ ಹಿಡಿದ ಹಾಗೆ ಬಹಳ ಹೊತ್ತು, ತಂತಿ ಎಲ್ಲೋ ಒಂದು ಕಡೆ ಇನ್ನೂ ಆಡ್ತಾ ಇದೆ ಸಾರ್, ನನ್ನ ಬೆಸುಗೆ ಸಾಲದು, ಸಿಂಬಿ ತಡೆದು ಮೋಟಾರಿನ ನಡುಕ ಅಲ್ಲಿಗೆ ತಲುಪದೇ ಇದ್ದಿದ್ದಕ್ಕೆ ಗೊತ್ತಾಗಲಿಲ್ಲ. ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಇವತ್ತು ಕೊಡದೇ ಹೋದ್ರೆ ಈ ಬಾಗಿಲು ಮುಚ್ಚೋ ಮಾತು ಬರುತ್ತೆ, ತಡೆಯೋಕೆ ನನ್ನಿಂದ ಆದಷ್ಟು ನೋಡ್ತೀನಿ, ಆಗುತ್ತೆ ಅಂತ ಹೇಳಲಾರೆ. ಗೊತ್ತು ಸಾರ್. ಮತ್ತೆ? ಕೊಡಲ್ಲ ಸಾರ್. ಅಷ್ಟೇ ಮಾತು, ಕೊಡಲ್ಲ, ಅದನ್ನು ಕೇಳಿದ್ದೇ ಅಕ್ಕಯಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು, ಜೀಪಿನಲ್ಲಿ ಖಾಲಿ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು, ಮುಳಬಾಗಿಲಿನ ಸಂಜೆಯ ಬಸ್ಸು ಸಾಬರಿಲ್ಲದೆ ಹೋಗುತ್ತದೆ, ಜೈನಾಬ್ ಬೈಯುತ್ತಾಳೆ, ಬೈಯಲಿ, ನಾನೇ ಹೋಗಿ ಬೈಸಿಕೊಂಡು ಬರುತ್ತೀನಿ, ಮಾವಿನಹಣ್ಣು ತಗೊಂಡು. ಸಾಬರು ತೋಳು ಮಡಿಸಿ ಇಸ್ತ್ರಿಯ ಗೆರೆ ಮುರಿದುಕೊಂಡರು, ಭೂತಗನ್ನಡಿ ಎಲ್ಲಿಟ್ಟೆ ಅಕ್ಕಾ, ಅಲ್ಲೇ, ಗೋಡೆಯ ಗೂಡಿನಲ್ಲಿ ಸಾಬ್ರೇ, ಹೊಗೆನೀರು ಇನ್ನೊಂದಿಷ್ಟು ಹೊಯ್ಯಿ ಅಕ್ಕಾ, ಅಡಿಗೆ ಏನೂ ಬೇಡ. ಏನೂ ಬೇಡ. ಸಿಂಬಿಯನ್ನು ಅವರು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋಗಿದ್ದರು, ಕ್ಯಾನು ಬಗ್ಗಿಸಿದಳು, ಬಿಳೀ ಹೊಗೆ ಚೆಲ್ಲಿ ಮೇಜಿನಿಂದ ಇಳಿದು ಕಾಲನ್ನು ಮುಚ್ಚಿತು, ತುಂಬಿದ ಪಾತ್ರೆ ಬರೀ ಹಲಗೆಯ ಮೇಲೆ, ಇರಲಿ ಅವ್ವಾ, ಇವತ್ತು ಬೈಯಬೇಡ, ಹುಳು ಸರಸರ ಮೇಯುತ್ತಿತ್ತು, ಟಿಕ್, ಅವಳು ತಲೆ ಎತ್ತಿದಳು, ಕಿಟಕಿಯಲ್ಲಿ ಬೆಳ್ಳಗೆ ದುಂಡಗೆ, ಹೊಸೆದು ಸುತ್ತಿದ್ದು, ನಡುವೆ ತೂತು, ಟಿಕ್, ಗಂಗಾ, ನಡುವೆ ತೂತು, ತೂತಿನಾಚೆ ಮೋಡವಿಲ್ಲದ ಆಕಾಶ, ಟಿಕ್, ನಡುವೆ ತೂತು —